ಅಬ್ಲೇಶನ್ ಆದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಏಟ್ರಿಯಲ್ ಫಿಬ್ರಿಲೇಶನ್‌ಗೆ, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ತೊಂದರೆಗೆ, ಕ್ಯಾತಿಟರ್ ಅಬ್ಲೇಶನ್ (ರಕ್ತನಾಳದ ಮೂಲಕ ಹೃದಯಕ್ಕೆ ತೆಳು ಕೊಳವೆ ಕಳಿಸಿ ಮಾಡುವ ಚಿಕಿತ್ಸೆ) ಮಾಡಿಸಿಕೊಂಡ ಹನ್ನೊಂದನೇ ದಿನ ರಾತ್ರಿ ನನ್ನ ಎದೆ ಮತ್ತೆ ಹಳೇ ಥರಾನೇ ಅಡ್ಡಾದಿಡ್ಡಿ ಬಡಿದುಕೊಂಡಿತು. ದುಡ್ಡೂ ಹೋಯಿತು, ಗುಣವೂ ಆಗಲಿಲ್ಲ ಎಂದು ಅತ್ತುಬಿಟ್ಟೆ. ಮೊದಲ ಎರಡು ಮೂರು ತಿಂಗಳು ಹೀಗಾದರೆ ಅದನ್ನು ಸೋಲು ಎಂದು ಲೆಕ್ಕ ಹಾಕುವುದಿಲ್ಲ. ಮನೆಗೆ ಕಳಿಸುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಶ್ವಾಸಕೋಶದಿಂದ ಹೃದಯದ ಎಡ ಮೇಲಿನ ಕೋಣೆಗೆ ಸಾಮಾನ್ಯವಾಗಿ ನಾಲ್ಕು ರಕ್ತನಾಳ ಬರುತ್ತವೆ. ತಪ್ಪು ಬಡಿತದ ಕಿಡಿ ಹೆಚ್ಚಾಗಿ ಹುಟ್ಟುವುದು ಅಲ್ಲೇ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸ್ಸಗೆರ್ ತಂಡ ತೋರಿಸಿತು. ಅಬ್ಲೇಶನ್‌ನಲ್ಲಿ ಆ ಕಿಡಿಯ ಕರೆಂಟು ಹೃದಯಕ್ಕೆ ದಾಟದ ಹಾಗೆ ಆ ನಾಳಗಳ ಬಾಯಿಯ ಸುತ್ತ ಸುಟ್ಟೋ ಕೊರೆಯುವಷ್ಟು ತಣ್ಣಗಾಗಿಸಿಯೋ ಗಾಯದ ಬದು ಕಟ್ಟುತ್ತಾರೆ. ಹೊಸ ಗಾಯ ಊದಿಕೊಂಡಿರುವಾಗ ಹೃದಯ ರೇಗುತ್ತದೆ. ಊತ ಇಳಿದ ಮೇಲೆ, ಗದ್ದೆಯ ಬದು ಎಲ್ಲೋ ಒಂದು ಕಡೆ ಸೋರುವ ಹಾಗೆ, ಕೆಲವರಲ್ಲಿ ಕರೆಂಟು ಮತ್ತೆ ನುಸುಳುತ್ತದೆ. ತೊಂದರೆ ಮರಳುವುದಕ್ಕೆ ಇದೇ ದೊಡ್ಡ ಕಾರಣ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಐದು ನಿಮಿಷ ಸುಮ್ನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಎಷ್ಟು ಬಂತು, ಲಯ ಸಮ ಇತ್ತಾ ಇಲ್ವಾ ಬರೆಯಿರಿ. ಎದೆ ಡವಡವ ಎಂದರೆ ಶುರುವಾದ ಹೊತ್ತು, ನಿಂತ ಹೊತ್ತು, ಹಿಂದಿನ ರಾತ್ರಿಯ ನಿದ್ದೆ ಎಲ್ಲಾ ಇರಲಿ. ಆಗುವುದಾದರೆ ಅದೇ ಹೊತ್ತಲ್ಲಿ ಇಸಿಜಿ ತೆಗೆಸಿ. ಏನೂ ಅನಿಸದೆಯೂ ಲಯ ತಪ್ಪಬಹುದು. ಅದಕ್ಕೇ ಡಾಕ್ಟರು ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವಾಗಲೂ ಬಡಿತ ದಾಖಲಿಸುವ ಪುಟ್ಟ ಯಂತ್ರ) ಹಾಕಿಸಿ ಎಂದರೆ ಆರಾಮಾಗಿದ್ದೇನಲ್ಲಾ ಎಂದು ತಪ್ಪಿಸಿಕೊಳ್ಳಬೇಡಿ. ನನ್ನ ಲಯ ಮತ್ತೆ ತಪ್ಪಿದ್ದು ಸಿಕ್ಕಿದ್ದೇ ಏಳನೇ ತಿಂಗಳ ಹೋಲ್ಟರ್‌ನಲ್ಲಿ.

ಕೆಲವು ಲಕ್ಷಣ ಕಂಡರೆ ಕಾಯುತ್ತಾ ಕೂರಬೇಡಿ. ಮೊದಲ ಎರಡು ತಿಂಗಳಲ್ಲಿ ಜ್ವರ, ನುಂಗುವಾಗ ನೋವು, ಎದೆನೋವು ಅಥವಾ ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಅಬ್ಲೇಶನ್ ಆಗಿದೆ ಎಂದು ಮೊದಲೇ ಹೇಳಿ. ಅನ್ನನಾಳಕ್ಕೆ ಗಾಯವಾಗುವುದು ತೀರಾ ಅಪರೂಪ, ಆದರೆ ಜೀವಕ್ಕೇ ಅಪಾಯ.

ಫಲ ಬಾಳಿಕೆ ಬರಬೇಕಾದರೆ ತೂಕ ಇಳಿಸಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ತೂಕ ಜಾಸ್ತಿ ಇದ್ದ ರೋಗಿಗಳನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 10 ಅಥವಾ ಹೆಚ್ಚು ಇಳಿಸಿಕೊಂಡವರ ಲಯ ಉಳಿದವರಿಗಿಂತ ಬಹಳ ಚೆನ್ನಾಗಿ ನಿಂತಿತು. ನಾನು 81 ಕೆಜಿಯಿಂದ 72ಕ್ಕೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದು ಬಿಟ್ಟೆ, ಸಂಜೆ ಕೆರೆ ಏರಿ ಮೇಲೆ ನಡೆದೆ. ಗೊರಕೆ ಜೋರಾಗಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಬಿಪಿ ಹತೋಟಿಯಲ್ಲಿರಲಿ. ಕುಡಿಯುವವರು ಬಿಡಲೇಬೇಕು.

ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ತಿಂಗಳು ಎಲ್ಲರಿಗೂ ಬೇಕು. ಆಮೇಲೆ ಬೇಕೋ ಬೇಡವೋ ಎಂಬುದು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತಾ ಎಂಬುದನ್ನೆಲ್ಲ ನೋಡಿ ತೀರ್ಮಾನ. ಲಯ ಸರಿ ಇದೆ ಅನ್ನುವುದಷ್ಟೇ ಸಾಲದು.

ಎರಡನೇ ಸಲ ಮಾಡಬೇಕು ಎಂದರೆ ಕುಗ್ಗಬೇಡಿ, ಹಲವರಿಗೆ ಬೇಕಾಗುತ್ತದೆ. ನನಗೆ ಒಂದೇ ನಾಳದ ಬದು ಸೋರಿತ್ತು, ಅದನ್ನು ಮುಚ್ಚಿದರು. ಹೋಗುವಾಗ ಮೊದಲ ಸಲದ ಡಿಸ್ಚಾರ್ಜ್ ಸಮ್ಮರಿ, ಹೋಲ್ಟರ್ ವರದಿ, ಈ ನೋಟ್‌ಬುಕ್ ಮೂರೂ ಒಂದೇ ಚೀಲದಲ್ಲಿರಲಿ.