ಹಳೇ ಕ್ರೂಜ್ ಬೇಕಾ? ಮೊದಲು ಮೆಕ್ಯಾನಿಕ್ ಹುಡುಕಿ, ಆಮೇಲೆ ಕಾರು

ಅಮೆರಿಕದ ದೊಡ್ಡ ಕಾರು ಅಂದರೆ ಕ್ಯಾಡಿಲಾಕ್, ಲಿಂಕನ್ ನೆನಪಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಎಡಗಡೆ ಸ್ಟೀರಿಂಗಿನವು, ನಮ್ಮಲ್ಲಿ ನೋಂದಣಿ ಮಾಡಿಸಿ ಓಡಿಸುವುದು ಸುಲಭವಲ್ಲ. ಹಾಸನ, ಚಿಕ್ಕಮಗಳೂರಿನ ಜನಕ್ಕೆ ಕೈಗೆಟುಕುವ ಬೆಲೆಯಲ್ಲಿ ಸಿಗುವ ಅಮೆರಿಕನ್ ಬ್ರ್ಯಾಂಡಿನ ಜೋರು ಸೆಡಾನ್ ಅಂದರೆ ಶೆವ್ರೊಲೆ ಕ್ರೂಜ್ ಡೀಸೆಲ್. 2009ರಲ್ಲಿ ಭಾರತಕ್ಕೆ ಬಂದ ಕಾರು. 2 ಲೀಟರ್ ಎಂಜಿನ್, ಮೊದಲು 150 ಪಿಎಸ್ (ಅಶ್ವಶಕ್ತಿಯ ಅಳತೆ), 2012ರ ಮಾಡೆಲ್‌ನಿಂದ 166 ಪಿಎಸ್. ಶಿರಾಡಿ ಘಾಟಿಯಲ್ಲಿ ಸಕಲೇಶಪುರದ ಕಡೆಗೆ ಏರುವಾಗ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದಾಗ ಈ ಎಂಜಿನ್ ಕೊಡುವ ಧೈರ್ಯವೇ ಬೇರೆ. ಓಡಿಸಿದವರಿಗೆ ಗೊತ್ತು.

2017ರ ಮೇ ತಿಂಗಳಲ್ಲಿ ಶೆವ್ರೊಲೆಯ ಒಡೆಯ ಜನರಲ್ ಮೋಟರ್ಸ್ (ಜಿಎಂ) ಕಂಪನಿ, ಆ ವರ್ಷದ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸುತ್ತೇವೆ ಎಂದಿತು. ಅಲ್ಲಿಂದ ಸೆಕೆಂಡ್ ಹ್ಯಾಂಡ್ ಬೆಲೆ ಬಿತ್ತು. ಹೊಸದರಲ್ಲಿ ಹತ್ತು ಲಕ್ಷ ದಾಟಿದ್ದ ಕಾರು ಈಗ ಹಳೇ ಸಣ್ಣ ಕಾರಿನ ಬೆಲೆಗೆ ಸಿಗುತ್ತದೆ. ಕೊಳ್ಳುವ ಬೆಲೆ ಇಳಿದಿದೆಯೇ ಹೊರತು ರಿಪೇರಿ ಬೆಲೆ ಇಳಿದಿಲ್ಲ, ಅದು ಇವತ್ತಿಗೂ ದೊಡ್ಡ ಕಾರಿನ ರಿಪೇರಿಯೇ. ಅದಕ್ಕೇ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು.

ಮೊದಲು ಮೆಕ್ಯಾನಿಕ್

ಕಾರು ನೋಡಲು ಹೋಗುವುದಕ್ಕೂ ಮುಂಚೆ, ಈ ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ಇರುವ ಒಬ್ಬರನ್ನು ಹುಡುಕಿ. ಕ್ರೂಜ್ ಮಾಡಿರದಿದ್ದರೂ ಅದೇ ಕಂಪನಿಯ ಕ್ಯಾಪ್ಟಿವಾ ಡೀಸೆಲ್ ಮಾಡಿದ್ದರೆ ಸಾಕು, ಎಂಜಿನ್ ಹತ್ತಿರದ ಸಂಬಂಧದ್ದೇ. ಕಂಪನಿಯ ಸರ್ವಿಸ್ ಸೆಂಟರ್‌ಗಳಲ್ಲಿ ಹಿಂದೆ ಕೆಲಸ ಮಾಡಿ ಈಗ ಸ್ವಂತ ಗ್ಯಾರೇಜ್ ಇಟ್ಟಿರುವವರು ಸಿಕ್ಕರೆ ಇನ್ನೂ ಒಳ್ಳೆಯದು. ಹೋಗಿ ನೇರವಾಗಿ ಕೇಳಿ: ಅಣ್ಣಾ, ಜಿಎಂ ಗಾಡಿಗೆ ಹೊಂದುವ, ದೋಷ ಓದುವ ಸ್ಕ್ಯಾನರ್ ಇದೆಯಾ? ಟೈಮಿಂಗ್ ಬೆಲ್ಟ್ ನೀವೇ ಹಾಕ್ತೀರಾ, ಹೊರಗೆ ಕಳಿಸ್ತೀರಾ? ಪಾರ್ಟ್ಸ್ ಎಲ್ಲಿಂದ ತರಿಸ್ತೀರಾ? ಉತ್ತರ ತಡವರಿಸಿದರೆ ಬೇರೆ ಗ್ಯಾರೇಜ್ ನೋಡಿ, ಬೇಜಾರು ಮಾಡಿಕೊಳ್ಳುವ ವಿಷಯ ಅಲ್ಲ ಇದು.

ಫಿಲ್ಟರ್, ಬ್ರೇಕ್ ಪ್ಯಾಡ್‌ನಂಥ ಓಡಾಡುವ ಸಾಮಾನು ಆನ್‌ಲೈನಿನಲ್ಲೂ ಸಿಗುತ್ತದೆ. ಸಿಗದಿದ್ದದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹೆಡ್‌ಲೈಟ್, ಬಂಪರ್, ಡೋರ್ ಒಳಗಿನ ಪ್ಲಾಸ್ಟಿಕ್ ಇವೇ ತಲೆನೋವು, ಗುಜರಿಯಲ್ಲಿ ಹುಡುಕಬೇಕಾಗುತ್ತದೆ. ಹಾಗಾಗಿ ಎಂಜಿನ್ ಸ್ವಲ್ಪ ಸುಸ್ತಾಗಿದ್ದು ಬಾಡಿ ಪೂರ್ತಿ ಇರುವ ಕಾರು, ಬಾಡಿ ಮುರಿದು ಎಂಜಿನ್ ಚೆನ್ನಾಗಿರುವ ಕಾರಿಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ. ಎಂಜಿನ್ ಸಾಮಾನು ದುಡ್ಡು ಕೊಟ್ಟರೆ ಸಿಗುತ್ತದೆ, ಒಂದು ಹೆಡ್‌ಲೈಟಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಕಾರು ನೋಡುವಾಗ

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಒಂದೇ ಕೀಲಿಗೆ ಸ್ಟಾರ್ಟ್ ಆಯಿತಾ? ಆದರೆ ತಣ್ಣನೆಯ ಎಂಜಿನ್ನನ್ನು ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್, ಬ್ಯಾಟರಿ, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಮೂರರ ಬಗ್ಗೆಯೂ ಸ್ವಲ್ಪ ನೆಮ್ಮದಿ. ಬಿಳಿ ಹೊಗೆ ತುಂಬಾ ಹೊತ್ತು ಬರುತ್ತಲೇ ಇದ್ದರೆ ಇಂಜೆಕ್ಟರ್ ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಸೀಲ್ ಹೋಗಿರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನೂ ವಾಲ್ವೂ ಒಂದಕ್ಕೊಂದು ಹೊಂದಿ ಓಡುವಂತೆ ಮಾಡುವ ರಬ್ಬರ್ ಪಟ್ಟಿ. ಈ ಎಂಜಿನ್‌ಗೆ ಚೈನ್ ಅಲ್ಲ, ಬೆಲ್ಟ್. ಓಡುವಾಗ ಅದು ಕಿತ್ತು ಹೋದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ, ಕಾರಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಬೆಲ್ಟ್ ಹಾಕಿಸಿದ್ದೇವೆ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು, ಬಿಲ್ ಬೇಕು, ಬಿಲ್ಲಿನಲ್ಲಿ ಕಿಲೋಮೀಟರ್ ಇರಬೇಕು. ಬಿಲ್ ಇಲ್ಲ ಅಂದರೆ ಬೆಲ್ಟ್ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಕಡಿಮೆ ಓಡಿದೆ ಅನ್ನುವ ಮಾತಿಗೂ ಮರುಳಾಗಬೇಡಿ, ರಬ್ಬರು ಓಡದೆ ನಿಂತರೂ ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಮ್ಯಾನುಯಲ್ ಗೇರಿನ ಕಾರಾದರೆ ನಿಂತಲ್ಲೇ ಕ್ಲಚ್ ಒತ್ತಿ ಬಿಟ್ಟು ಮಾಡಿ. ಗಡಗಡ ಸದ್ದು ಬದಲಾದರೆ ಫ್ಲೈವೀಲ್ ಸವೆದಿರಬಹುದು, ಅದು ಕ್ಲಚ್ ಪ್ಲೇಟಿಗಿಂತ ದುಬಾರಿ. ಆಟೊಮ್ಯಾಟಿಕ್ ಆದರೆ ಏರಿನಲ್ಲಿ ಓಡಿಸಿ, ಗೇರ್ ಬದಲಾಗುವಾಗ ಹಿಂದಿನಿಂದ ಒದ್ದಂತೆ ಆಗಬಾರದು. ಗುಂಡಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ರೇಡಿಯೊ ಆಫ್ ಮಾಡಿ, ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಬರುತ್ತದಾ ಕೇಳಿ. ಬುಷ್, ಲಿಂಕ್ ರಾಡ್ ಆದರೆ ಸಣ್ಣ ಖರ್ಚು, ಸ್ಟೀರಿಂಗ್ ರ‍್ಯಾಕ್ ಆದರೆ ದೊಡ್ಡದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂತಿದ್ದರೆ 2019ರ 23ನೇ ವಾರದ ಟೈರ್. ಅಷ್ಟು ಹಳೇ ಟೈರಿನಲ್ಲಿ ಇಂಥ ಕಾರನ್ನು ಚಾರ್ಮಾಡಿ ಮಳೆಯಲ್ಲಿ ಇಳಿಸಬಾರದು.

ನೀರಿನಲ್ಲಿ ಮುಳುಗಿದ ಕಾರು ಹೌದೋ ಅಲ್ವೋ ಅನ್ನುವುದನ್ನೂ ನೋಡಬೇಕು. 2015ರ ಚೆನ್ನೈ ಪ್ರವಾಹದಂಥ ಘಟನೆಗಳ ನಂತರ ಅಂಥ ಕಾರುಗಳು ಬೇರೆ ಊರುಗಳಿಗೆ ಮಾರಾಟಕ್ಕೆ ಬರುತ್ತವೆ. ಸೀಟ್ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಕೆಸರಿನ ಗೆರೆ, ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಮುಗ್ಗಲು ವಾಸನೆ, ಇಷ್ಟು ಸಾಕು ಗೊತ್ತಾಗಲು.

ಕಾಗದಪತ್ರ

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರಿಗೆ ನಿರ್ಬಂಧ ಬಂದಿದ್ದರಿಂದ ಅಲ್ಲಿಂದ ಅಗ್ಗಕ್ಕೆ ತರುವವರಿದ್ದಾರೆ. ನನ್ನ ಸಲಹೆ, ಕೆಎ ನಂಬರಿನದೇ ಹುಡುಕಿ. ಹೊರರಾಜ್ಯದ್ದಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲ ಸೇರಿ ಉಳಿಸಿದ ದುಡ್ಡು ಕರಗುತ್ತದೆ. ಹಾಸನದ ಕೆಎ 13, ಚಿಕ್ಕಮಗಳೂರಿನ ಕೆಎ 18, ಸಕಲೇಶಪುರದ ಕೆಎ 46 ಯಾವುದಾದರೂ ಸರಿ, ಹತ್ತಿರದ ಕಾರಾದರೆ ಹಳೇ ಮಾಲೀಕರನ್ನೂ ಅವರ ಮೆಕ್ಯಾನಿಕ್ಕನ್ನೂ ಮಾತಾಡಿಸಬಹುದು.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ ವಿವರ ನೋಡಿ. ಫೈನಾನ್ಸ್ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ತೋರಿಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು, ಮೊದಮೊದಲ ಕ್ರೂಜ್‌ಗಳಿಗೆ ಆ ಸಮಯ ಬಂದಾಗಿದೆ. 1500 ಸಿಸಿ ಮೀರಿದ ಕಾರು ಆದ್ದರಿಂದ ಥರ್ಡ್ ಪಾರ್ಟಿ ವಿಮೆಯೇ 2022ರ ದರದಂತೆ ವರ್ಷಕ್ಕೆ 7,897 ರೂಪಾಯಿ, ಮೇಲೆ ಜಿಎಸ್‌ಟಿ. ಎರಡೂ ಕೀಲಿ ಕೇಳಿ ಪಡೆಯಿರಿ. ಇಮೊಬಿಲೈಸರ್ (ಕಳ್ಳತನ ತಡೆಯುವ ಚಿಪ್) ಇರುವ ಕೀಲಿಯನ್ನು ಈಗ ಹೊಸದಾಗಿ ಮಾಡಿಸುವುದು ದೊಡ್ಡ ಓಡಾಟ.

ಮನೆಗೆ ಬಂದ ಮೇಲೆ

ಕಾರಿನ ಬೆಲೆಯ ಕಾಲುಭಾಗದಷ್ಟು ಹಣ ಪಕ್ಕಕ್ಕೆ ಇಟ್ಟಿರಬೇಕು, ಸುಮ್ನೆ ಹೇಳುತ್ತಿಲ್ಲ. ಮೊದಲ ವಾರವೇ ಬೆಲ್ಟ್, ಅದರ ಟೆನ್ಷನರ್, ಜೊತೆಗೆ ವಾಟರ್ ಪಂಪ್ ಒಟ್ಟಿಗೆ ಹಾಕಿಸಿ. ಪಂಪ್ ಉಳಿಸಿ ಬೆಲ್ಟ್ ಮಾತ್ರ ಹಾಕಿಸಿದರೆ, ನಾಳೆ ಪಂಪ್ ಸೋರಿದಾಗ ಅದೇ ಕೂಲಿಯನ್ನು ಮತ್ತೆ ಕೊಡಬೇಕಾಗುತ್ತದೆ. ಎಂಜಿನ್ ಆಯಿಲ್ ಡಬ್ಬದ ಮೇಲೆ ಡೆಕ್ಸೋಸ್ 2 ಅಂತ ಇರಬೇಕು, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಡೆಕ್ಸ್ರಾನ್ 6. ಕೂಲೆಂಟ್ ಕಡಿಮೆಯಾಯಿತು ಅಂತ ಬಾವಿ ನೀರು ಹಾಕಬೇಡಿ, ಕಿತ್ತಳೆ ಬಣ್ಣದ ಡೆಕ್ಸ್‌ಕೂಲ್ ಜಾತಿಯದನ್ನೇ ಹಾಕಿ, ಬೇರೆ ಬಣ್ಣದ ಜೊತೆ ಬೆರೆಸಬೇಡಿ. ಟರ್ಬೊ ರಬ್ಬರ್ ಪೈಪುಗಳನ್ನು ಕೈಯಲ್ಲಿ ಹಿಚುಕಿ ನೋಡಿ. ಪಿಕಪ್ ಇಲ್ಲ ಅಂತ ಟರ್ಬೊ ಬದಲಿಸಲು ಹೇಳುವವರಿದ್ದಾರೆ, ಎಷ್ಟೋ ಸಲ ಒಡೆದಿರುವುದು ಪೈಪು, ಇಲ್ಲವೇ ಮಸಿ ಕಟ್ಟಿರುವುದು ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್.

ಡೀಸೆಲ್ಲನ್ನು ಜನ ಜಾಸ್ತಿ ಬರುವ ಬಂಕಿನಲ್ಲೇ ಹಾಕಿಸಿ. ಕಾಮನ್ ರೈಲ್ ಇಂಜೆಕ್ಟರಿಗೆ ನೀರು ವಿಷ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ನೀರು ತೆಗೆಸುವುದನ್ನು ಮರೆಯಬೇಡಿ.

ಓಡಿಸುವ ಬಗ್ಗೆ ಒಂದೆರಡು ಮಾತು. ಈ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಸುಮ್ಮನಿದ್ದು, ಎರಡು ಸಾವಿರ ಹತ್ತಿರ ಬಂದಾಗ ಒಮ್ಮೆಲೇ ಎಳೆಯುತ್ತದೆ. ಮಳೆಯಲ್ಲಿ ಶಿರಾಡಿಯ ತಿರುವಿನ ಮಧ್ಯೆ ಆಕ್ಸಲರೇಟರ್ ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ, ತಿರುವು ಮುಗಿದು ಸ್ಟೀರಿಂಗ್ ನೇರವಾದ ಮೇಲೆ ಒತ್ತಿ. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದು ನಿಮಿಷ ಬಿಡಿ, ಕಾದ ಟರ್ಬೊಗೆ ಆಯಿಲ್ ಹರಿಯಲಿ. ತೋಟದೊಳಗಿನ ದಾರಿಗೆ ಜೀಪೇ ಸರಿ. ಐದು ಜನ ಕೂತರೆ ಕ್ರೂಜ್ ಹೊಟ್ಟೆ ನೆಲಕ್ಕೆ ಹತ್ತಿರ, ಒಂದು ಕಲ್ಲು ಆಯಿಲ್ ಸಂಪಿಗೆ ತಾಗಿದರೆ ಎಂಜಿನ್ನೇ ಹೋಗುತ್ತದೆ.

ಮಳೆಗೆ ಮುಂಚೆ, ಮಳೆಯಾದ ಮೇಲೆ

ಮೇ ತಿಂಗಳಲ್ಲಿ ವೈಪರ್, ಬ್ರೇಕ್, ಟೈರ್ ನೋಡಿಸಿ, ಅಡಿಭಾಗಕ್ಕೆ ಕೋಟಿಂಗ್ ಹೊಡೆಸಿ. ಮುಂದಿನ ಗಾಜಿನ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದು ಸಿಲ್ವರ್ ಓಕ್ ಎಲೆ ಬಾಚಿ ಹಾಕಿ. ಎಲೆ ಕಟ್ಟಿ ನೀರು ನಿಂತರೆ ಅದು ಒಳಗೆ ಇಳಿಯುತ್ತದೆ, ಕಾರ್ಪೆಟ್ ಕೆಳಗಿನ ವೈರಿಂಗ್ ಕೊಳೆಯುತ್ತದೆ. ಸನ್‌ರೂಫ್ ಇದ್ದರೆ ಅದರ ನಾಲ್ಕೂ ಮೂಲೆಯ ನೀರಿನ ಪೈಪಿಗೂ ಇದೇ ಕಥೆ.

ಜೂನ್‌ನಿಂದ ಇಲಿ ಕಾಟ ಶುರು. ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತವೆ, ಈ ಕಾರಿನ ವೈರಿಂಗ್ ಸೆಟ್ ಹುಡುಕಿ ತರುವುದು ಕಷ್ಟ. ಶೆಡ್ಡಿನಲ್ಲಿ ಭತ್ತ, ಹಿಂಡಿ ಚೀಲ ಇಡಬೇಡಿ. ರಾತ್ರಿ ಬಾನೆಟ್ ಎತ್ತಿಟ್ಟು ಒಂದು ಬಲ್ಬ್ ಉರಿಸಿಡಿ, ಹೊಗೆಸೊಪ್ಪಿನ ಪೊಟ್ಟಣ ಕಟ್ಟುವವರೂ ಇದ್ದಾರೆ. ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಇಲ್ಲದಿದ್ದರೆ ಥಂಡಿಗೆ ಹಿಂದಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಬ್ಯಾಟರಿಗೂ ಲಾಭ ಇಲ್ಲ, ಇಜಿಆರ್ ಬೇರೆ ಮಸಿ ಕಟ್ಟುತ್ತದೆ. ಅಕ್ಟೋಬರ್‌ನಲ್ಲಿ ಲಿಫ್ಟ್ ಮೇಲೆ ಏರಿಸಿ ಅಡಿಭಾಗದ ತುಕ್ಕು, ಬ್ರೇಕ್ ಪೈಪು, ಬುಷ್ ನೋಡಿಸಿ, ಏನೇನು ಬದಲಾಯಿತು ಅನ್ನುವುದನ್ನು ಕಿಲೋಮೀಟರ್ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ, ಬಿಲ್ಲುಗಳನ್ನು ಅದರೊಳಗೇ ಪಿನ್ ಮಾಡಿ.