ಮುಳ್ಳು ಮೂರರ ಮೇಲೆ ನಿಂತಿತ್ತು, ಕಾರು ಮಾತ್ರ ಘಾಟಿ ಹತ್ತುತ್ತಿರಲಿಲ್ಲ

"ಊರೊಳಗೆ ಚೆನ್ನಾಗೇ ಓಡ್ತದೆ ಮಾರಾಯ್ರೇ. ಉಡುಪಿಗೆ ಹೋಗಿ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಉಸಿರು ಕಟ್ಟಿದ ಹಾಗೆ ಮಾಡ್ತದೆ" ಎಂದರು ಮೇಷ್ಟ್ರು. ಅವರದು ಹಳೇ ಎಂಪಿಎಫ್‌ಐ ಪೆಟ್ರೋಲ್ ಕಾರು, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವಂಥದ್ದು. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕ ಗ್ಯಾರೇಜಿಗೆ ಇಂಥವು ಈಗಲೂ ಬರುತ್ತವೆ. ಘಾಟಿಯಲ್ಲಿ 14 ತಿರುವು. ಏಳೆಂಟು ದಾಟುವಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಹಿಂಜರಿಯುತ್ತಿತ್ತಂತೆ. ಮೈಲೇಜ್ 14 ಇದ್ದದ್ದು 9ಕ್ಕೆ ಇಳಿದಿತ್ತು.

ಪ್ಲಗ್ ಬಿಚ್ಚಿದರೆ ನಾಲ್ಕೂ ಕಾಡಿಗೆ ಕಪ್ಪು. ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಆದರೆ ಏರಿನಲ್ಲಿ ಕಟ್ಟುವುದು ನೋಡಿದರೆ ಪೆಟ್ರೋಲ್ ಸಾಲುತ್ತಿಲ್ಲ. ಎರಡೂ ಒಂದೇ ಕಾರಿನಲ್ಲಿ ಹೇಗೆ? ಬಾನೆಟ್ ಒಳಗೆ ಇನ್ನೊಮ್ಮೆ ಬಗ್ಗಿ ನೋಡಿದೆ. ಪೆಟ್ರೋಲಿನ ಪ್ರೆಶರ್ ಹದದಲ್ಲಿಡುವ ಕಂಪನಿಯ ರೆಗ್ಯುಲೇಟರ್ ಜಾಗದಲ್ಲಿ ಸ್ಕ್ರೂ ತಿರುಗಿಸಿ ಹೆಚ್ಚುಕಡಿಮೆ ಮಾಡುವ ಹೊರಗಿನ ರೆಗ್ಯುಲೇಟರ್ ಕೂತಿತ್ತು. "ಪಿಕಪ್ ಇಲ್ಲ ಅಂದಿದ್ದಕ್ಕೆ ಒಂದು ಕಡೆ ಹಾಕಿಕೊಟ್ರು, ಪ್ರೆಶರ್ ಏರಿಸಿದ್ದೀವಿ ಅಂದ್ರು" ಎಂದರು ಮೇಷ್ಟ್ರು.

ಸರಿ, ಪ್ರೆಶರ್ ಅಳೆಯುವ ಗೇಜ್ ಹಾಕಿಯೇ ನೋಡಬೇಕು.

ಈ ಕೆಲಸ ನಾನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾತ್ರ ಮಾಡುತ್ತೇನೆ. ಕಲಿಯುವ ಕಾಲದಲ್ಲಿ ಒಮ್ಮೆ ಪ್ರೆಶರ್ ಇಳಿಸದೆ ಪೈಪ್ ಬಿಚ್ಚಿ, ಪೆಟ್ರೋಲ್ ಕಣ್ಣಿಗೆ ಹಾರಿ, ಅರ್ಧ ದಿನ ನೀರು ಹಾಕಿಕೊಂಡು ಕೂತಿದ್ದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಈಗ ಮೊದಲು ಫ್ಯೂಯಲ್ ಪಂಪಿನ ಫ್ಯೂಸ್ ಕೀಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ಆಫ್ ಆಗುವವರೆಗೆ ಬಿಡುತ್ತೇನೆ. ಇನ್ನೆರಡು ಸಲ ಸೆಲ್ಫ್ ಹೊಡೆದು, ಬ್ಯಾಟರಿ ನೆಗೆಟಿವ್ ಬಿಚ್ಚಿ, ಬನಿಯನ್ ವೇಸ್ಟ್ ಸುತ್ತಿ ಆಮೇಲೆ ಪೈಪಿಗೆ ಕೈ ಹಾಕುತ್ತೇನೆ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಹಳೇ ಬಲ್ಬಿನ ಹ್ಯಾಂಡ್ ಲ್ಯಾಂಪ್ ಹತ್ತಿರ ತರಲೇಬಾರದು, ಟಾರ್ಚ್ ಸಾಕು.

ಫಿಲ್ಟರ್‌ನಿಂದ ಬರುವ ಪೈಪ್ ಫ್ಯೂಯಲ್ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಸೇರುವ ಜಾಗದಲ್ಲಿ ಟಿ ಹಾಕಿ ಗೇಜ್ ಜೋಡಿಸಿದೆ. ಹೋಸ್ ಇಂಜೆಕ್ಷನ್ ಪ್ರೆಶರ್ ತಡೆಯುವಂಥದ್ದೇ ಆಗಿರಬೇಕು, ಕಾರ್ಬುರೇಟರ್ ಕಾಲದ ಪೈಪ್ ನಡೆಯಲ್ಲ. ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿದೆ. ಹಳೆಯದನ್ನೇ ಮತ್ತೆ ಬಿಗಿದರೆ ಸಣ್ಣಗೆ ಜಿನುಗುತ್ತದೆ. ಫ್ಯೂಸ್, ಬ್ಯಾಟರಿ ವಾಪಸ್ ಸೇರಿಸಿ ಕೀ ಆನ್ ಮಾಡಿಸಿದೆ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎಂದು ನಿಂತಿತು. ನಾನು ಲೀಕ್ ಹುಡುಕುತ್ತಾ ಇದ್ದೆ, ಮುಳ್ಳಿನ ಕಡೆ ನೋಡಲಿಲ್ಲ. ಅಲ್ಲೇ ತಪ್ಪಿದೆ.

ಸ್ಟಾರ್ಟ್ ಮಾಡಿದ ಮೇಲೆ ಹುಡುಗ ಕೂಗಿದ: "ಅಣ್ಣಾ, ಸರಿಯಾಗಿ ಮೂರು ಬಾರ್!"

ಬಾರ್ ಅಂದರೆ ಪ್ರೆಶರ್ ಅಳೆಯುವ ಲೆಕ್ಕ. ಆ ಕಾರಿನ ಸರ್ವಿಸ್ ಪುಸ್ತಕದಲ್ಲೂ ಮೂರು ಬಾರ್ ಎಂದೇ ಇದೆ. ಗೇಜ್ ಬಿಚ್ಚಿ ಬೇರೆ ಕಡೆ ಹುಡುಕೋಣ ಎಂದುಕೊಂಡೆ. ಆಮೇಲೆ ಹೊಳೆಯಿತು. ಪುಸ್ತಕದ ಮೂರು, ವ್ಯಾಕ್ಯೂಮ್ ಪೈಪ್ ತೆಗೆದಾಗ ಬರಬೇಕಾದ ಲೆಕ್ಕ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಜೆಕ್ಟರ್‌ನ ಒಂದು ಬದಿಗೆ ರೈಲಿನ ಪ್ರೆಶರ್, ಇನ್ನೊಂದು ಬದಿಗೆ ಮ್ಯಾನಿಫೋಲ್ಡ್, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಎಳೆತ ಜೋರು, ಪಾದರಸದ ಲೆಕ್ಕದಲ್ಲಿ ಸುಮಾರು 18 ಇಂಚು, ಅಂದರೆ 0.6 ಬಾರ್. ಆ ಎಳೆತ ಪೆಟ್ರೋಲನ್ನೂ ಎಳೆಯುತ್ತದೆ. ಅದಕ್ಕೇ ರೆಗ್ಯುಲೇಟರ್‌ಗೆ ಸಣ್ಣ ವ್ಯಾಕ್ಯೂಮ್ ಪೈಪ್ ಕೊಟ್ಟಿರುತ್ತಾರೆ. ಎಳೆತ ಎಷ್ಟಿದೆಯೋ ಅಷ್ಟು ರೈಲಿನ ಪ್ರೆಶರ್ ಇಳಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಳೆತ ಇರಲ್ಲ, ಪ್ರೆಶರ್ ಮತ್ತೆ ಮೂರಕ್ಕೆ ಏರುತ್ತದೆ. ಹಾಗಾಗಿ ಐಡಲಿಂಗ್‌ನಲ್ಲಿ ಈ ಕಾರಿಗೆ ಬರಬೇಕಾದದ್ದು ಮೂರಲ್ಲ, 2.4ರ ಆಸುಪಾಸು.

ರೆಗ್ಯುಲೇಟರ್‌ನಿಂದ ವ್ಯಾಕ್ಯೂಮ್ ಪೈಪ್ ಕಿತ್ತು ಮ್ಯಾನಿಫೋಲ್ಡ್ ಕಡೆಯ ತುದಿಗೆ ಹೆಬ್ಬೆರಳು ಒತ್ತಿದೆ. ಮುಳ್ಳು 3.6ಕ್ಕೆ ಹಾರಿತು. ಸ್ಟಾರ್ಟ್ ಆಗುವ ಮೊದಲೂ ಎಳೆತ ಇರಲ್ಲ, ಕೀ ಆನ್ ಮಾಡಿದಾಗಲೇ ಮುಳ್ಳು ನೋಡಿದ್ದರೆ ಇದು ಆಗಲೇ ಕಾಣುತ್ತಿತ್ತು. ಹಿಂದೆ ಸೆಟ್ ಮಾಡಿದವರು ವ್ಯಾಕ್ಯೂಮ್ ಪೈಪ್ ತೆಗೆಯದೆ ಸ್ಕ್ರೂ ತಿರುಗಿಸಿ, ಮೂರು ಬಂತು ಎಂದು ಬಿಟ್ಟಿದ್ದಾರೆ. ಪೈಪನ್ನು ಮೂಗಿಗೆ ಹಿಡಿದೆ. ಅದರೊಳಗೆ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರ್ ಒಳಗಿನ ತೆಳು ಪರದೆ, ಡಯಾಫ್ರಮ್, ಹರಿದಿದೆ ಎಂದರ್ಥ. ಒಣಗಿತ್ತು, ಬಚಾವ್.

ಪ್ರೆಶರ್ 20% ಏರಿದರೆ ಪೆಟ್ರೋಲ್ ಅಷ್ಟೇ ಏರಲ್ಲ. ವರ್ಗಮೂಲದ ಲೆಕ್ಕ, ಸುಮಾರು 10% ಏರುತ್ತದೆ. ಪ್ಲಗ್ ಕಪ್ಪಾಗಲು ಅದೂ ಸಾಕಾಗಬಹುದು. ಹುಡುಗ ಆಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದ. ತಡಿ ಎಂದೆ. ಏರಿನ ವಿಷಯ ಇನ್ನೂ ಗೊತ್ತಾಗಿರಲಿಲ್ಲ. ನಿಂತ ಕಾರಿನ ಎಂಜಿನ್ ಎಷ್ಟು ರೇಸ್ ಮಾಡಿದರೂ ಅದರ ಮೇಲೆ ಭಾರ ಬೀಳಲ್ಲ.

ಉದ್ದನೆಯ ಹೋಸ್ ಹಾಕಿ, ಬಾನೆಟ್ ಹಿಂದಿನ ಸಂದಿಯಿಂದ ಗೇಜ್ ಹೊರತಂದು, ಗಾಜಿನ ಹೊರಗೆ ಡ್ರೈವರ್‌ಗೆ ಅಡ್ಡ ಬಾರದ ಹಾಗೆ ಟೇಪ್ ಹಾಕಿ ಅಂಟಿಸಿದೆ. ಕಾರಿನ ಒಳಗೆ ಮಾತ್ರ ಯಾವತ್ತೂ ತರಬಾರದು, ಅದರೊಳಗೆ ಇರುವುದು ಪೆಟ್ರೋಲ್. ನಾನು ಓಡಿಸಿದೆ, ಹುಡುಗ ಮುಳ್ಳು ನೋಡಿದ. ಊರಾಚೆಯ ಏರಿನಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್. "ಮೂರೂವರೆ... ಮೂರು... ಎರಡೂವರೆ... ಅಣ್ಣಾ, ಎರಡು!" ಕಾರು ತಡವರಿಸಿದ್ದೂ ಆಗಲೇ. ಏರಬೇಕಾದ ಪ್ರೆಶರ್ ಇಳಿಯುತ್ತಿದೆ ಅಂದರೆ ಹಿಂದಿನಿಂದ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ರೆಗ್ಯುಲೇಟರ್ ಸ್ಕ್ರೂ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಇಲ್ಲದ ಪೆಟ್ರೋಲನ್ನು ಅದು ಎಲ್ಲಿಂದ ತರಬೇಕು? ಮೂರರ ಬದಲು ಎರಡು ಬಾರ್ ಅಂದರೆ ಇಂಜೆಕ್ಟರ್‌ನಿಂದ ಸುಮಾರು 18% ಪೆಟ್ರೋಲ್ ಕಡಿಮೆ. ಅದೂ ಎಂಜಿನ್‌ಗೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. ಇದು ಬರೀ ಪಿಕಪ್ ಪ್ರಶ್ನೆಯಲ್ಲ, ಹೀಗೇ ಓಡಿಸಿದರೆ ಎಂಜಿನ್ ಒಳಗೆ ಟಕಟಕ ಬಡಿದು, ಅಂದರೆ ನಾಕಿಂಗ್ ಹೊಡೆದು, ಪಿಸ್ಟನ್‌ಗೆ ಪೆಟ್ಟು.

ಪಂಪಿನ ಕನೆಕ್ಟರ್‌ನಲ್ಲಿ ಎಂಜಿನ್ ಓಡುವಾಗ ಮಲ್ಟಿಮೀಟರ್ ಇಟ್ಟೆ: 13.1 ವೋಲ್ಟ್. ವೈರಿಂಗ್, ಅರ್ಥಿಂಗ್ ಚೆನ್ನಾಗಿವೆ. ಹನ್ನೊಂದರ ಹತ್ತಿರ ಬಂದಿದ್ದರೆ ರಿಲೇ ನೋಡುತ್ತಿದ್ದೆ. ಉಳಿದದ್ದು ಫಿಲ್ಟರ್. ಬಿಚ್ಚಿ ಒಳಬರುವ ಕಡೆಯಿಂದ ಬಿಳಿ ಡಬ್ಬಿಗೆ ಬಗ್ಗಿಸಿದರೆ ಬಂದದ್ದು ಕಾಫಿ ಡಿಕಾಕ್ಷನ್. ಬಾಯಿಂದ ಊದಬೇಡಿ, ಸಣ್ಣ ಗಾಳಿ ಪಂಪ್ ಸಾಕು. ಅದರಲ್ಲೂ ಗಾಳಿ ಮುಕ್ಕಿ ಮುಕ್ಕಿ ಹೋಗುತ್ತಿತ್ತು. ಕೊನೆಗೆ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಮೇಷ್ಟ್ರು, "ಅದನ್ನೂ ಬದಲಿಸಬೇಕಾ?" ಎಂದರು.

ಬಾಣದ ಗುರುತು ಎಂಜಿನ್ ಕಡೆಗೆ ಇರುವ ಹಾಗೆ ಹೊಸ ಫಿಲ್ಟರ್ ಹಾಕಿ ಅದೇ ಏರಿಗೆ ಮತ್ತೆ ಹೋದೆವು. ಈ ಸಲ ಮುಳ್ಳು 3.6 ಬಿಟ್ಟು ಅಲ್ಲಾಡಲಿಲ್ಲ. ಪಂಪ್ ಗಟ್ಟಿ ಇದೆ.

ಈಗ ಸ್ಕ್ರೂ. ವ್ಯಾಕ್ಯೂಮ್ ಪೈಪ್ ತೆಗೆದು ಮ್ಯಾನಿಫೋಲ್ಡ್ ಕಡೆಗೆ ಬಿರಡೆ ಹಾಕಿ, ಐಡಲಿಂಗ್‌ನಲ್ಲಿ ಬಿಟ್ಟೆ. ಚೆಕ್ ನಟ್ ಸಡಿಲಿಸಿ, ಆಲನ್ ಕೀಯಿಂದ ಎಡಕ್ಕೆ ಕಾಲು ಸುತ್ತು. ತಿರುಗಿಸಿದ ಮೇಲೆ ಒಮ್ಮೆ ರೇಸ್ ಮಾಡಿ, ಮುಳ್ಳು ನಿಲ್ಲುವವರೆಗೆ ಕಾಯಬೇಕು. ಅವಸರ ಮಾಡಿದರೆ ಹಿಂದೆ ಮುಂದೆ ತಿರುಗಿಸುವುದೇ ಕೆಲಸವಾಗುತ್ತದೆ. ಮೂರಕ್ಕೆ ತಂದು ನಟ್ ಬಿಗಿದೆ, 3.1 ಆಯಿತು. ನಟ್ ಬಿಗಿಯುವಾಗ ಸ್ಕ್ರೂ ಕೂಡ ಒಂಚೂರು ತಿರುಗುತ್ತದೆ. ಎರಡನೇ ಸಲ ಕೀಯನ್ನು ಅಲ್ಲೇ ಹಿಡಿದುಕೊಂಡು ಬಿಗಿದೆ, ಮೂರಕ್ಕೇ ನಿಂತಿತು. ಪೈಪ್ ವಾಪಸ್ ಹಾಕಿದಾಗ 2.4. ಆಫ್ ಮಾಡಿ ಹತ್ತು ನಿಮಿಷ ಟೀ ಕುಡಿದು ಬಂದು ನೋಡಿದರೆ ಮುಳ್ಳು ಎರಡರ ಮೇಲೇ ಇತ್ತು. ಇಂಜೆಕ್ಟರ್ ಸೋರುತ್ತಿಲ್ಲ, ಪಂಪಿನ ವಾಲ್ವ್ ಕೂಡ ಸರಿ.

ಒಂದು ಮಾತು. ಇದೆಲ್ಲ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪ್ ಇರುವ ಹಳೇ ಪೆಟ್ರೋಲ್ ಕಾರಿಗೆ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ, ತಿರುಗಿಸಲು ಸ್ಕ್ರೂ ಇರಲ್ಲ. ಕಾಮನ್ ರೈಲ್ ಡೀಸೆಲ್ ಗಾಡಿಯ ರೈಲಿಗಂತೂ ಈ ಗೇಜ್ ಹಿಡಿದು ಹೋಗಲೇಬೇಡಿ. ಅಲ್ಲಿ ಸಾವಿರ ಬಾರ್ ದಾಟುತ್ತದೆ. ಸೂಜಿಯಷ್ಟು ಸಣ್ಣ ಸೋರಿಕೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಹದಿನೈದು ದಿನ ಬಿಟ್ಟು ಮೇಷ್ಟ್ರು ಬಂದರು. ಪೆಟ್ರೋಲ್ ಹಾಕಿಸಿದ್ದು, ಓಡಿಸಿದ ಕಿಲೋಮೀಟರ್ ಎಲ್ಲ ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಟ್ಟಿದ್ದರು: 13.6. ಘಾಟಿಯನ್ನು ಎಲ್ಲೂ ನಿಲ್ಲಿಸದೆ ಹತ್ತಿದರಂತೆ. "ಆದರೆ ಗಾಜಿನ ಮೇಲಿನ ಆ ಟೇಪಿನ ಅಂಟು ಹೋಗ್ತಾ ಇಲ್ಲ ನೋಡಿ" ಎಂದರು. ಹುಡುಗನ ಕೈಗೆ ಒಂದು ತುಂಡು ಬನಿಯನ್ ವೇಸ್ಟ್ ಕೊಟ್ಟೆ.