ಮುಖಕ್ಕೆ ಯಾವ ಎಣ್ಣೆ? ಕಾರವಾರದ ಸೆಖೆಗೊಂದು, ಶಿರಸಿಯ ಚಳಿಗೊಂದು

ನಮ್ಮ ಕರಾವಳಿಯಲ್ಲಿ ತೆಂಗಿನೆಣ್ಣೆ ಬಾಟಲಿ ಇಲ್ಲದ ಮನೆಯಿಲ್ಲ. ತಲೆಗೂ ಅದೇ, ಮೈಗೂ ಅದೇ, ಮುಖಕ್ಕೂ ಅದೇ. ತಲೆಗೆ, ಕೈಕಾಲಿಗೆ ಅದಕ್ಕಿಂತ ಒಳ್ಳೆಯದು ಹುಡುಕಬೇಕಿಲ್ಲ. ಮುಖದ ಮಾತು ಬೇರೆ. ತೆಂಗಿನೆಣ್ಣೆಯ ಹತ್ತರಲ್ಲಿ ಒಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು, ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲ. ಮೊದಲೇ ಬೆವರು, ಜಿಡ್ಡು ತುಂಬಿದ ಮುಖದ ಮೇಲೆ ಅದು ಕೂತರೆ ರೋಮರಂಧ್ರ ಕಟ್ಟಿಕೊಂಡು ಹಣೆ, ಗಲ್ಲದಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಒಣ ಚರ್ಮದ ಕೆಲವರಿಗೆ ಏನೂ ಆಗದಿರಬಹುದು. ಆದರೆ ಮೊಡವೆ ಬರುವ ಮುಖಕ್ಕೆ ಅದನ್ನು ಹಚ್ಚಲೇಬೇಡಿ. ಹಣೆಯ ಅಂಚಿನಲ್ಲೇ ಗುಳ್ಳೆಗಳಿದ್ದರೆ ತಲೆಗೆ ಹಚ್ಚಿದ ಎಣ್ಣೆ ಇಳಿಯುತ್ತಿದೆಯೇ ಎಂದೂ ನೋಡಿ. ದಿಂಬಿನ ಬಟ್ಟೆಯನ್ನು ವಾರಕ್ಕೆರಡು ಸಲ ಬದಲಿಸಿದರೆ ಎಷ್ಟೋ ಮುಖಗಳು ತಿಳಿಯಾಗುತ್ತವೆ.

ಎಣ್ಣೆ ಆರಿಸುವ ಮೊದಲು ಚರ್ಮ ಯಾವುದೆಂದು ತಿಳಿಯಬೇಕು. ಬೆಳಿಗ್ಗೆ ಸೌಮ್ಯ ಸೋಪಿನಿಂದ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆಗಳಿಗೆ ಬೇರೆ ಬೇರೆಯಾಗಿ ಒತ್ತಿ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಎಲ್ಲರ ಮುಖವೂ ಹೊಳೆಯುತ್ತದೆ, ಬೆವರನ್ನೇ ಜಿಡ್ಡೆಂದು ತಿಳಿದು ಮೋಸಹೋಗುವವರು ಬಹಳ. ಕಾಗದವನ್ನು ಫ್ಯಾನಿನ ಗಾಳಿಗೆ ಹತ್ತು ನಿಮಿಷ ಹಿಡಿಯಿರಿ: ಬೆವರಿನ ಗುರುತು ಆರಿಹೋಗುತ್ತದೆ, ಜಿಡ್ಡಿನದು ಪಾರದರ್ಶಕ ಕಲೆಯಾಗಿ ಉಳಿಯುತ್ತದೆ. ಮೂರೂ ಕಡೆ ಕಲೆ ಉಳಿದರೆ ಜಿಡ್ಡು ಚರ್ಮ. ಹಣೆ, ಮೂಗಿನಲ್ಲಿ ಮಾತ್ರವಾದರೆ ಮಿಶ್ರ. ಎಲ್ಲೂ ಇಲ್ಲದೆ ಮುಖ ಬಿಗಿದುಕೊಂಡಂತಿದ್ದರೆ ಒಣ ಚರ್ಮ. ಹೊಸ ಸೋಪು, ಕ್ರೀಮು ಏನೇ ತಾಗಿದರೂ ಉರಿ, ಕೆಂಪು ಬರುವುದಾದರೆ ಸೂಕ್ಷ್ಮ ಚರ್ಮ, ಅದು ಜಿಡ್ಡಾಗಿರಲಿ ಒಣಗಿರಲಿ.

ಜಿಡ್ಡು ಚರ್ಮಕ್ಕೆ ಕುಸುಬೆ ಎಣ್ಣೆ ಒಳ್ಳೆಯದು. ಸಾಮಾನ್ಯ ಕುಸುಬೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಎಂಬ ಕೊಬ್ಬಿನಾಮ್ಲ. ಮೊಡವೆಯ ಚರ್ಮದ ಜಿಡ್ಡಿನಲ್ಲಿ ಕಡಿಮೆಯಿರುವುದು ಇದೇ ಅಂಶ. ಎಣ್ಣೆಯೂ ತೆಳು, ಮುಖದ ಮೇಲೆ ಅಂಟಂಟಾಗಿ ನಿಲ್ಲುವುದಿಲ್ಲ. ಬಯಲುಸೀಮೆಯ ಬೆಳೆಯಾದ್ದರಿಂದ ಹುಬ್ಬಳ್ಳಿ, ಗದಗ ಕಡೆಯ ಗಾಣದ ಎಣ್ಣೆ ತರಿಸಿಕೊಳ್ಳಬಹುದು. ಲೇಬಲ್ಲಿನಲ್ಲಿ 'ಹೈ ಒಲಿಕ್' ಎಂದಿದ್ದರೆ ಬಿಡಿ, ಅದರಲ್ಲಿ ಒಲಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಹೆಚ್ಚು, ಲಿನೋಲಿಕ್ ಕಡಿಮೆ. ಕೈಯಲ್ಲಿ ಹಣವಿದ್ದರೆ ಜೊಜೊಬಾ ಎಂಬ ಗಿಡದ ಬೀಜದ ಎಣ್ಣೆ. ಅದು ನಿಜದಲ್ಲಿ ಎಣ್ಣೆಯಲ್ಲ, ದ್ರವರೂಪದ ಮೇಣ, ಬೇಗ ಕೆಡುವುದಿಲ್ಲ. ಕಾರವಾರ, ಕುಮಟಾ, ಭಟ್ಕಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಡ್ಡು ಚರ್ಮದವರು ಎಣ್ಣೆ ಹಚ್ಚದಿದ್ದರೆ ಏನೂ ನಷ್ಟವಿಲ್ಲ. ಗಾಳಿಯಲ್ಲೇ ಅಷ್ಟು ತೇವವಿರುತ್ತದೆ.

ಸೂಕ್ಷ್ಮ ಚರ್ಮಕ್ಕೆ ಪರಿಮಳವಿಲ್ಲದ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸಾಕು. ಗಾಣದ್ದೇ ಶ್ರೇಷ್ಠ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸೋಸಿ ಶುದ್ಧ ಮಾಡಿದಾಗ ಅಲರ್ಜಿ ತರುವ ಅಂಶಗಳೂ ಕಡಿಮೆಯಾಗುತ್ತವೆ.

ಒಣ ಚರ್ಮದವರಿಗೆ ಆಯ್ಕೆ ಹೆಚ್ಚು. ಎಳ್ಳೆಣ್ಣೆಯಲ್ಲಿ ಒಲಿಕ್, ಲಿನೋಲಿಕ್ ಹೆಚ್ಚುಕಡಿಮೆ ಸರಿಸಮ, ಸಹಜವಾಗಿಯೇ ಕೆಡದಂತೆ ಕಾಯುವ ಅಂಶಗಳೂ ಇವೆ. ಎಳ್ಳು ಒಗ್ಗದವರು ಮಾತ್ರ ದೂರವಿರಬೇಕು. ಬಾದಾಮಿ ಎಣ್ಣೆ ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. 'ಲೈಟ್ ಲಿಕ್ವಿಡ್ ಪ್ಯಾರಾಫಿನ್' ಅಥವಾ 'ಮಿನರಲ್ ಆಯಿಲ್' ಎಂಬುದು ಮೊದಲಿದ್ದರೆ ಅದು ಬಾದಾಮಿಯ ಹೆಸರು ಹೊತ್ತ ಪೆಟ್ರೋಲಿಯಂ ಎಣ್ಣೆ. ಚರ್ಮಕ್ಕೆ ಕೇಡಲ್ಲ, ಆದರೆ ನೀವು ಕೇಳಿದ್ದು ಅದಲ್ಲ. ಆಲಿವ್ ಎಣ್ಣೆಯಲ್ಲಿ ಒಲಿಕ್ ಬಹಳ ಹೆಚ್ಚು. ಅದು ಚರ್ಮದ ಹೊರಪದರವನ್ನು ಸಡಿಲಗೊಳಿಸಬಲ್ಲದು, ಹಾಗಾಗಿ ಮುಖಕ್ಕೆ ಬೇಡ.

ಒಣ ಚರ್ಮಕ್ಕೆ ನಮ್ಮ ಜಿಲ್ಲೆಯ ನಿಜವಾದ ಆಸ್ತಿ ಮುರುಗಲು ತುಪ್ಪ, ಅಂದರೆ ಕೋಕಂ ಹಣ್ಣಿನ ಬೀಜದ ಕೊಬ್ಬು. ಸಿಪ್ಪೆ ಒಣಗಿಸಿ, ಶರಬತ್ತು ಮಾಡಿ ಮುಗಿದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ ಪುಡಿಮಾಡಿ ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತಣಿದಾಗ ಗಟ್ಟಿ. ಒಡೆದ ಹಿಮ್ಮಡಿಗೆ, ಬಿರುಕುಬಿಟ್ಟ ತುಟಿಗೆ ಹಚ್ಚುವ ಇದು ಮುಖಕ್ಕೂ ಬರುತ್ತದೆ, ಆದರೆ ಹಾಗೇ ಅಲ್ಲ. ಸುಮಾರು 40 ಡಿಗ್ರಿಯ ಹತ್ತಿರ ಕರಗುವ ಕೊಬ್ಬು, ಮುಖದ ಬಿಸಿಗೆ ಪೂರ್ತಿ ಕರಗದೆ ಮೇಣದಂತೆ ನಿಲ್ಲುತ್ತದೆ. ಎಣ್ಣೆಯೊಂದಿಗೆ ಬೆರೆಸಬೇಕು.

5 ಗ್ರಾಂ ಮುರುಗಲು ತುಪ್ಪ, 20 ಮಿ.ಲೀ. ಎಳ್ಳೆಣ್ಣೆ ಅಥವಾ ಕುಸುಬೆ ಎಣ್ಣೆ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿದ ಸ್ಟೀಲ್ ಬಟ್ಟಲಲ್ಲಿ ತುಪ್ಪ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ನೇರ ಉರಿಗೆ ಇಡಬೇಡಿ. ಪೂರ್ತಿ ಕರಗಿದ ಮೇಲೆ ಎಣ್ಣೆ ಸೇರಿಸಿ ಕಲಕಿ, ಕೂಡಲೇ ಬಟ್ಟಲನ್ನು ತಣ್ಣೀರಿನಲ್ಲಿಟ್ಟು ಗಟ್ಟಿಯಾಗುವತನಕ ಕಲಕುತ್ತಿರಿ. ಇಲ್ಲೇ ತಪ್ಪಾಗುವುದು: ಅಡುಗೆಮನೆಯ ಕಟ್ಟೆಯ ಮೇಲೆ ತನ್ನಷ್ಟಕ್ಕೆ ಆರಲು ಬಿಟ್ಟರೆ ಕೊಬ್ಬು ನಿಧಾನವಾಗಿ ಹೆಪ್ಪುಗಟ್ಟಿ ರವೆಯಂತೆ ಹರಳು ಹರಳಾಗುತ್ತದೆ. ಹಾಗಾದರೆ ಬಿಸಾಡಬೇಡಿ, ಮತ್ತೆ ಕರಗಿಸಿ ಬೇಗ ತಣಿಸಿ. ಶಿರಸಿ, ಸಿದ್ದಾಪುರದ ಡಿಸೆಂಬರ್ ಚಳಿಗೆ, ಮುಂಡಗೋಡ, ಹಳಿಯಾಳದ ಒಣಗಾಳಿಗೆ ಈ ಅಳತೆ ಸರಿ. ಕರಾವಳಿಯವರು ತುಪ್ಪವನ್ನು 2 ಗ್ರಾಂಗೆ ಇಳಿಸಿ.

ಕಡಲತೀರದ ಸುರಹೊನ್ನೆ ಬೀಜದ ಎಣ್ಣೆಯನ್ನೇ ಅಂಗಡಿಗಳಲ್ಲಿ 'ತಮನು' ಎಂದು ಮಾರುತ್ತಾರೆ. ಹಿಂದೆ ದೀಪಕ್ಕೆ ಉರಿಸುತ್ತಿದ್ದ ಈ ಹಸಿರುಗಪ್ಪು ಎಣ್ಣೆಯಲ್ಲಿ ರಾಳದ ಅಂಶವಿದೆ, ಕೆಲವರಿಗೆ ತುರಿಕೆ ತರುತ್ತದೆ. ದಿನವೂ ಮುಖಪೂರ್ತಿ ಹಚ್ಚುವ ಎಣ್ಣೆಯಲ್ಲ. ಸಾಸಿವೆ ಎಣ್ಣೆ ಉರಿ ತರುತ್ತದೆ. ಲಿಂಬೆ ಸಿಪ್ಪೆಯ ಸುಗಂಧತೈಲ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.

ಯಾವ ಎಣ್ಣೆಯನ್ನೇ ಆರಿಸಿದರೂ ಮೊದಲು ಒಂದು ಹನಿಯನ್ನು ಕಿವಿಯ ಕೆಳಗೆ, ದವಡೆಯ ಅಂಚಿಗೆ ರಾತ್ರಿ ಹಚ್ಚಿ. ಹೀಗೆ ಏಳು ರಾತ್ರಿ ಮಾಡಿ. ಉರಿ, ತುರಿಕೆ ಇದ್ದರೆ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ. ರಂಧ್ರ ಕಟ್ಟಿ ಏಳುವ ಗುಳ್ಳೆಗೆ ವಾರಕ್ಕೂ ಹೆಚ್ಚು ಹಿಡಿಯಬಹುದು, ಆದ್ದರಿಂದ ಒಂದು ತಿಂಗಳು ಬೇರೆ ಹೊಸದೇನೂ ಸೇರಿಸಬೇಡಿ. ಇಲ್ಲವಾದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ.

ಹಚ್ಚುವ ಕ್ರಮ ಸುಲಭ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಮುಖ ತೊಳೆದು, ಬಟ್ಟೆಯಿಂದ ಒತ್ತಿ, ಇನ್ನೂ ಪಸೆಯಿರುವಾಗಲೇ ಎರಡು ನಿಮಿಷದೊಳಗೆ ಹಚ್ಚಬೇಕು. ಜಿಡ್ಡು ಚರ್ಮಕ್ಕೆ 2 ಹನಿ, ಒಣಗಿದ್ದಕ್ಕೆ 4ರಿಂದ 5. ಮಿಶ್ರ ಚರ್ಮದವರು ಕುಸುಬೆ ಎಣ್ಣೆಯ 2 ಹನಿಯನ್ನು ಕೆನ್ನೆಗೆ ಮಾತ್ರ. ಮುರುಗಲು ಮಿಶ್ರಣವಾದರೆ ಹೆಸರುಕಾಳಿನಷ್ಟು. ಅಂಗೈಯಲ್ಲಿ ತಿಕ್ಕಿ ಮುಖಕ್ಕೆ ಒತ್ತಿ, ಉಜ್ಜಬೇಡಿ. ಹತ್ತು ನಿಮಿಷದ ನಂತರವೂ ಬೆರಳಿಗೆ ಅಂಟಿದರೆ ಹೆಚ್ಚಾಗಿದೆ, ಮರುದಿನ ಒಂದು ಹನಿ ಕಡಿಮೆ ಮಾಡಿ. ರಾತ್ರಿಯೇ ಒಳ್ಳೆಯದು. ಯಾವ ಎಣ್ಣೆಯೂ ಸನ್‌ಸ್ಕ್ರೀನ್ ಅಲ್ಲ. ಹಗಲು ದೋಣಿಯಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ ಟೊಪ್ಪಿ, ಸನ್‌ಸ್ಕ್ರೀನ್ ಬೇರೆಯೇ ಬೇಕು.

ಹಣೆ, ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ ತುರಿಸುವ ಸಣ್ಣ ಗುಳ್ಳೆ, ಇಲ್ಲವೇ ಸಿಬ್ಬು ಕಂಡರೆ ಎಣ್ಣೆ ನಿಲ್ಲಿಸಿ. ಅದಕ್ಕೆ ಕಾರಣವಾದ ಯೀಸ್ಟ್ ಎಣ್ಣೆಯ ಕೊಬ್ಬಿನಾಮ್ಲವನ್ನೇ ತಿಂದು ಬೆಳೆಯುತ್ತದೆ, ಮಳೆಗಾಲದ ತೇವ ಅದಕ್ಕೆ ಹಬ್ಬ. ಚರ್ಮದ ಡಾಕ್ಟರಿಗೆ ತೋರಿಸಿ. ಮೊಡವೆಗೆ ಮುಲಾಮು ಹಚ್ಚುತ್ತಿರುವವರೂ ಅವರನ್ನು ಕೇಳಿಯೇ ಎಣ್ಣೆ ಸೇರಿಸಬೇಕು.

ಕುಸುಬೆ, ಸೂರ್ಯಕಾಂತಿ ಎಣ್ಣೆಗಳು ನಮ್ಮ ಸೆಖೆಗೆ ಬೇಗ ಕೆಡುತ್ತವೆ. 100 ಮಿ.ಲೀ.ಗಿಂತ ಹೆಚ್ಚು ತರಬೇಡಿ. ಕಂದು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಒದ್ದೆ ಬೆರಳು ಅದ್ದಬೇಡಿ. ಮೂರು ತಿಂಗಳಾದ ಮೇಲೆ ಪ್ರತಿ ಸಲವೂ ಮೂಸಿ ನೋಡಿ. ಹಳೆಯ ಚಕ್ಕುಲಿ ಡಬ್ಬಿ ತೆರೆದಾಗ ಬರುವ ಕಮಟು ವಾಸನೆ ಬಂದರೆ ಮುಖಕ್ಕೂ ಬೇಡ, ಅಡುಗೆಗೂ ಬೇಡ.